ತೀರ್ಪುಗಾರರು ಬೇಕಾಗಿದ್ದಾರೆ

ಕೊಪ್ಪದ ಕಡೆಯ ನಾಲ್ವರು ಯುವಕರು ಮೊನ್ನೆ ಬೆಂಗಳೂರಿನ ನನ್ನ ಮನೆಗೆ ಬಂದಿದ್ದರು. ಅವರಲ್ಲಿ ಇಬ್ಬರು ನನ್ನ ಹಳೆಯ ವಿದ್ಯಾರ್ಥಿಗಳು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಹವ್ಯಾಸಿ ಗಾಯಕರಿಗಾಗಿ ಮಳೆಗಾಲ ಕಳೆದ ಮೇಲೆ ಕರೋಕೆ ಗಾಯನ ಸ್ಪರ್ಧೆಯೊಂದನ್ನು ಏರ್ಪಡಿಸುವ ಉತ್ಸಾಹದಲ್ಲಿ ಅವರಿದ್ದರು. ಸಭಾಂಗಣ ಗೊತ್ತಾಗಿದೆ, ಬಹುಮಾನದ ಹಣಕ್ಕೆ ದಾನಿಗಳು ಸಿಕ್ಕಿದ್ದಾರೆ, ಕರಪತ್ರದ ಕರಡೂ ಸಿದ್ಧವಾಗಿದೆ. ಅದರಲ್ಲಿ ‘ತೀರ್ಪುಗಾರರು’ ಎಂಬ ಪದದ ಕೆಳಗೆ ಮಾತ್ರ ನಾಲ್ಕು ಸಾಲು ಖಾಲಿ ಬಿಟ್ಟಿದ್ದರು. “ಮೇಷ್ಟ್ರೇ, ಟೀವಿಯಲ್ಲಿ ಬರೋರು ಯಾರಾದ್ರೂ ನಿಮಗೆ ಪರಿಚಯ ಇದ್ರೆ ಒಂದು ಮಾತು ಹೇಳಿ. ಹೆಸರು ಇದ್ರೆ ಜನ ಸೇರ್ತಾರೆ” ಎಂಬುದು ಅವರ ಕೋರಿಕೆ.

ಲೆಕ್ಕ ಹಾಕಿ ನೋಡಿದೆವು. ಬೆಂಗಳೂರಿನಿಂದ ಹೆಸರಾಂತ ಗಾಯಕರೊಬ್ಬರನ್ನು ಕರೆಸಿದರೆ ಅವರ ಸಂಭಾವನೆ, ಕಾರು, ವಸತಿಯ ಖರ್ಚು ಮೊದಲ ಬಹುಮಾನದ ಮೊತ್ತವನ್ನು ಮೀರುತ್ತದೆ. ಘಾಟಿಯ ತಿರುವುಗಳನ್ನು ದಾಟಿ ಅವರು ಬಂದು ಸೇರುವಷ್ಟರಲ್ಲಿ ಹತ್ತು ಸ್ಪರ್ಧಿಗಳ ಹಾಡು ಮುಗಿದಿರುತ್ತದೆ. ಬಂದವರು ತಾವೂ ಎರಡು ಹಾಡು ಹಾಡಿ, ಜನರೊಡನೆ ಫೋಟೋ ತೆಗೆಸಿಕೊಂಡು, ಕೊನೆಯ ಐದು ಮಂದಿಯನ್ನು ಕೇಳದೆಯೇ ಹೊರಟು ನಿಲ್ಲುತ್ತಾರೆ. ಹೆಸರಾಂತರು ಬರಬಾರದೆಂದು ನಾನು ಹೇಳುತ್ತಿಲ್ಲ. ಅತಿಥಿಗಳಾಗಿ ಬರಲಿ, ದೀಪ ಬೆಳಗಲಿ, ಹಾಡಲಿ. ಅಂಕಪಟ್ಟಿಯನ್ನು ಅವರ ಕೈಗೆ ಕೊಡುವುದು ಬೇಡ ಎಂದೆ. ಯುವಕರ ಮುಖ ಸ್ವಲ್ಪ ಬಾಡಿತು.

ನಗರದ ಓದುಗರಿಗೆ ಕರೋಕೆ ಎಂದರೆ ಹೋಟೆಲಿನ ಮೋಜು ಅನ್ನಿಸಬಹುದು. ಮಲೆನಾಡಿನಲ್ಲಿ ಅದರ ಅರ್ಥವೇ ಬೇರೆ. ನನ್ನ ಯೌವನದಲ್ಲಿ ಚಿತ್ರಗೀತೆಯೊಂದನ್ನು ವೇದಿಕೆಯಲ್ಲಿ ಹಾಡಬೇಕಾದರೆ ಶಿವಮೊಗ್ಗದಿಂದಲೋ ಮಂಗಳೂರಿನಿಂದಲೋ ವಾದ್ಯಗೋಷ್ಠಿಯವರು ಬರಬೇಕಿತ್ತು. ಬಂದವರು ತಮ್ಮ ಗಾಯಕರನ್ನೇ ಹಾಡಿಸುತ್ತಿದ್ದರು. ಊರಿನವನಿಗೆ ಸಿಗುತ್ತಿದ್ದದ್ದು ಹೆಚ್ಚೆಂದರೆ ಒಂದು ಹಾಡು, ಅದೂ ಶಿಫಾರಸಿನ ಮೇಲೆ. ಈಗ ಅಂಗೈಯಗಲದ ಫೋನಿನಲ್ಲಿ ಇಡೀ ವಾದ್ಯವೃಂದ ಅಡಗಿದೆ. ಆಟೋ ಓಡಿಸುವವನು, ಆಸ್ಪತ್ರೆಯ ದಾದಿ, ಕಾಫಿ ತೋಟದ ಲೈನ್ ಮನೆಯ ಹುಡುಗಿ, ಅಡಿಕೆ ಸುಲಿಯುವ ಹೆಂಗಸರು ಹೀಗೆ ಯಾರು ಬೇಕಾದರೂ ಅದರ ಮುಂದೆ ನಿಂತು ಹಾಡಬಹುದು. ಸಂಗೀತ ಕಲಿಯುವ ಅನುಕೂಲ ಇಲ್ಲದವರಿಗೆ ತೆರೆದ ಬಾಗಿಲು ಇದೊಂದೇ. ಆ ಬಾಗಿಲಲ್ಲಿ ಕಾವಲಿಗೆ ಯಾರನ್ನು ಕೂರಿಸುತ್ತೇವೆ ಎಂಬುದು ಆದ್ದರಿಂದಲೇ ಸಣ್ಣ ವಿಷಯವಲ್ಲ.

ಈ ಮಾತನ್ನು ನಾನು ಹೇಳುವುದಕ್ಕೆ ಒಂದು ಕಾರಣವಿದೆ. ಹತ್ತು ವರ್ಷಗಳ ಹಿಂದೆ ಇದೇ ಮೂರು ತಾಲ್ಲೂಕುಗಳ ಒಂದೂರಿನಲ್ಲಿ ನಡೆದ ಇಂಥದೇ ಸ್ಪರ್ಧೆಗೆ ನಾನೂ ತೀರ್ಪುಗಾರನಾಗಿದ್ದೆ. ಸಂಗೀತದ ವಿಷಯದಲ್ಲಿ ನನ್ನ ಯೋಗ್ಯತೆ ಎಂದರೆ ಶೃಂಗೇರಿಯ ನವರಾತ್ರಿ ಕಚೇರಿಗಳನ್ನು ಕೇಳಿ ಬೆಳೆದವನು ಎಂಬುದು, ಅಷ್ಟೆ. ತೋಟದ ಕೆಲಸಗಾರರ ಮನೆಯ ಹುಡುಗಿಯೊಬ್ಬಳು ರಾಜ್‌ಕುಮಾರ್ ಹಾಡಿದ ಗೀತೆಯನ್ನು ಆರಿಸಿಕೊಂಡಿದ್ದಳು. ಟ್ರ್ಯಾಕ್ ಗಂಡಸಿನ ಶ್ರುತಿಯದು. ಪಲ್ಲವಿಯ ಕೆಳಸ್ವರಗಳಲ್ಲಿ ಅವಳ ದನಿ ಕೇಳಿಸಲೇ ಇಲ್ಲ. ಚರಣದಲ್ಲಿ ಅದನ್ನೇ ಮೇಲಿನ ಸ್ಥಾಯಿಗೆ ಎತ್ತಿಕೊಂಡಳು, ದನಿ ಒಡೆಯಿತು. ಶ್ರುತಿಗೆ ನಾನು ಹತ್ತರಲ್ಲಿ ಮೂರು ಅಂಕ ಕೊಟ್ಟೆ. ಅಷ್ಟಕ್ಕೇ ಬಿಡದೆ ಮೈಕ್ ಹಿಡಿದು, ಮೊದಲು ಶ್ರುತಿ ಕಲಿತು ಬರಬೇಕೆಂದು ಬುದ್ಧಿಮಾತನ್ನೂ ಹೇಳಿದೆ. ಟ್ರ್ಯಾಕನ್ನು ನಾಲ್ಕೈದು ಮನೆ ಮೇಲಕ್ಕೆ ಏರಿಸಿದ್ದರೆ ಆ ಹಾಡು ಅವಳ ದನಿಗೆ ಸರಿಯಾಗಿ ಕೂರುತ್ತಿತ್ತು. ಫೋನಿನಲ್ಲಿ ಅದು ಎರಡು ಕ್ಷಣದ ಕೆಲಸ. ಅದು ಸಾಧ್ಯವೆಂಬುದು ಅವಳಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಕೆಲವು ವರ್ಷಗಳ ನಂತರ ಅಂಗಡಿಯೊಂದರಲ್ಲಿ ಸಿಕ್ಕಾಗ, ಈಗಲೂ ಹಾಡುತ್ತೀಯಾ ಎಂದು ಕೇಳಿದೆ. “ಇಲ್ಲ ಸಾರ್, ನಂಗೆ ಶ್ರುತಿ ಬರಲ್ಲ ಅಂತ ನೀವೇ ಹೇಳಿದ್ರಲ್ಲ” ಎಂದಳು. ಆ ದನಿಯಲ್ಲಿ ಸಿಟ್ಟಿರಲಿಲ್ಲ. ವೈದ್ಯರು ಹೇಳಿದ ಪಥ್ಯವನ್ನು ಪಾಲಿಸುತ್ತಿರುವಂತಿತ್ತು.

ಕರೋಕೆಯ ಹುಟ್ಟಿನ ಕತೆಯನ್ನು ಅನಂತರ ಓದಿದಾಗ ನನ್ನ ತಪ್ಪು ಇನ್ನಷ್ಟು ಸ್ಪಷ್ಟವಾಯಿತು. ಜಪಾನಿನ ಕೋಬೆ ನಗರದಲ್ಲಿ ದೈಸುಕೆ ಇನೋವೆ ಎಂಬ ವಾದ್ಯಗಾರ ಗಿರಾಕಿಗಳ ಹಾಡಿಗೆ ಪಕ್ಕವಾದ್ಯ ನುಡಿಸಿ ಹೊಟ್ಟೆ ಹೊರೆಯುತ್ತಿದ್ದ. ಗಿರಾಕಿಯೊಬ್ಬ ಪ್ರವಾಸಕ್ಕೆ ಹೊರಟು, ಜೊತೆಗೆ ಬರುವಂತೆ ಕರೆದ. ಹೋಗಲಾಗದ ಇನೋವೆ ಆತನ ದನಿಗೆ ಹೊಂದುವಂತೆ ನುಡಿಸಿ, ಧ್ವನಿಮುದ್ರಿಸಿ, ಟೇಪನ್ನು ಕೊಟ್ಟು ಕಳಿಸಿದ. 1971ರಲ್ಲಿ ಆತ ರೂಪಿಸಿದ ಯಂತ್ರದ ಬೀಜ ಇದು. ಯಂತ್ರಕ್ಕೆ ಪೇಟೆಂಟ್ ಪಡೆಯಲಿಲ್ಲವಾಗಿ ಹಣ ಬರಲಿಲ್ಲ. 2004ರಲ್ಲಿ ಇಗ್ ನೊಬೆಲ್ ಎಂಬ ವಿನೋದದ ಶಾಂತಿ ಪ್ರಶಸ್ತಿ ಮಾತ್ರ ಬಂತು. ಹಾಡುವವನ ದನಿಗೆ ವಾದ್ಯವನ್ನು ಹೊಂದಿಸುವುದರಿಂದ ಹುಟ್ಟಿದ ಕಲೆಯಲ್ಲಿ, ವಾದ್ಯಕ್ಕೆ ದನಿ ಹೊಂದಲಿಲ್ಲವೆಂದು ನಾನು ಹುಡುಗಿಯೊಬ್ಬಳ ಬಾಯಿ ಮುಚ್ಚಿಸಿದ್ದೆ.

ಹೀಗಾಗಿ ತೀರ್ಪುಗಾರರಿಗೆ ಮೊದಲು ಗೊತ್ತಿರಬೇಕಾದುದು ಕರೋಕೆಯ ಸ್ವಭಾವ. ಹಾರ್ಮೋನಿಯಂ, ತಬಲಾದವರು ಗಾಯಕನನ್ನು ಹಿಂಬಾಲಿಸುತ್ತಾರೆ, ಎಡವಿದರೆ ಕಾಯುತ್ತಾರೆ. ಟ್ರ್ಯಾಕ್ ಯಾರಿಗೂ ಕಾಯುವುದಿಲ್ಲ. ನಡುವಿನ ವಾದ್ಯಸಂಗೀತ ಮುಗಿದ ಕ್ಷಣಕ್ಕೆ ಸರಿಯಾಗಿ ಚರಣವನ್ನು ಎತ್ತಿಕೊಳ್ಳುವುದೇ ಇಲ್ಲಿ ದೊಡ್ಡ ಪರೀಕ್ಷೆ. ಗಾಯಕನ ಎದುರಿಗೆ ಮಾನಿಟರ್ ಪೆಟ್ಟಿಗೆ ಇಡದಿದ್ದರೆ ದೂರದ ಸ್ಪೀಕರಿನ ಸದ್ದು ತಡವಾಗಿ ಅವನ ಕಿವಿಗೆ ಬೀಳುತ್ತದೆ. ಬ್ಲೂಟೂತ್ ಮೈಕ್ ಆದರೆ ಅವನ ದನಿಯೇ ತಡವಾಗಿ ಹೊರಬರುತ್ತದೆ. ತಾಳ ತಪ್ಪಿದ್ದು ಗಾಯಕನೋ ತಂತಿಯೋ ಎಂದು ತಿಳಿಯದವರು ಅಂಕ ಕಳೆಯಬಾರದು. ಎಕೋ ಹೆಚ್ಚಿಸಿ ದನಿಯ ಕುಂದನ್ನು ಮುಚ್ಚಿಕೊಳ್ಳುವವರೂ ಇದ್ದಾರೆ. ಎಲ್ಲ ಸ್ಪರ್ಧಿಗಳಿಗೂ ಮೈಕಿನ ಹದ ಒಂದೇ ಇರಬೇಕು. ಇನ್ನು ಅನುಕರಣೆ. ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ನಗು, ನಿಟ್ಟುಸಿರುಗಳನ್ನೂ ಬಿಡದೆ ನಕಲು ಮಾಡುವವರಿಗೆ ಚಪ್ಪಾಳೆ ಜೋರಾಗಿ ಬೀಳುತ್ತದೆ. ಅಂಕವೂ ಚಪ್ಪಾಳೆಯ ಹಿಂದೆ ಓಡಬಾರದು. ಜಪಾನಿನಲ್ಲಿ ಅಂಕ ಕೊಡುವ ಯಂತ್ರಗಳೂ ಇವೆಯೆಂದು ಯುವಕರಲ್ಲೊಬ್ಬ ನೆನಪಿಸಿದ. ಇರಬಹುದು. ಸ್ವರ ಅಳೆಯುವ ಯಂತ್ರಕ್ಕೆ ‘ಹ’ಕಾರ ‘ಅ’ಕಾರವಾದದ್ದು ಗೊತ್ತಾದೀತೆಂದು ನನಗೇನೂ ನಂಬಿಕೆಯಿಲ್ಲ.

ಇದನ್ನೆಲ್ಲ ಬಲ್ಲವರು ಎಲ್ಲಿದ್ದಾರೆ? ಬೆಂಗಳೂರಿನಲ್ಲಿ ಹುಡುಕಬೇಕಾಗಿಲ್ಲ. ಯಕ್ಷಗಾನ, ತಾಳಮದ್ದಲೆಗಳ ಈ ನಾಡಿನಲ್ಲಿ ಭಾಗವತರಿಗೆ ಬರವಿಲ್ಲ. ಕಪ್ಪು ಮೂರೋ ಬಿಳಿ ಐದೋ ಎಂಬುದನ್ನು ದನಿ ಕೇಳಿದೊಡನೆ ಹೇಳುವವರು ಅವರು. ಪದದ ಅರ್ಥ ಕೆಡದಂತೆ ಹಾಡುವುದು ಅವರ ನಿತ್ಯದ ವೃತ್ತಿ. ಮದುವೆ ಮನೆಗಳಲ್ಲಿ ಕೀಬೋರ್ಡ್ ನುಡಿಸಿ ಬೆರಳು ಸವೆಸಿದವರಿದ್ದಾರೆ. ನಿವೃತ್ತ ಕನ್ನಡ ಅಧ್ಯಾಪಕರಿದ್ದಾರೆ. ಭಜನಾ ಮಂಡಳಿಯನ್ನು ವರ್ಷಗಟ್ಟಲೆ ನಡೆಸಿದ, ಹತ್ತು ದನಿಗಳ ನಡುವೆ ತಪ್ಪಿದ ದನಿ ಯಾವುದೆಂದು ಗುರುತಿಸಬಲ್ಲ ಗೃಹಿಣಿಯರಿದ್ದಾರೆ. ಶಾಸ್ತ್ರೀಯ ಸಂಗೀತ ಕಲಿಸುವವರೂ ಒಬ್ಬರಿರಲಿ. ಆದರೆ ಚಿತ್ರಗೀತೆ ಎಂದರೆ ಮೂಗು ಮುರಿಯುವವರು ಬೇಡ. ಸ್ಪರ್ಧೆಯಲ್ಲಿ ತಮ್ಮ ಶಿಷ್ಯರೋ ಬಂಧುಗಳೋ ಇರುವವರು ತಾವಾಗಿಯೇ ಹಿಂದೆ ಸರಿಯಬೇಕು. ಸಣ್ಣ ಊರುಗಳಲ್ಲಿ ಇದೇ ದೊಡ್ಡ ತೊಡಕು, ಎಲ್ಲರೂ ಎಲ್ಲರಿಗೂ ಏನಾದರೊಂದು ಆಗಬೇಕು. ಅದಕ್ಕೆ ಉಪಾಯವೂ ಇದೆ: ಕೊಪ್ಪದ ಸುತ್ತಿಗೆ ಶೃಂಗೇರಿಯವರು, ಶೃಂಗೇರಿಯದಕ್ಕೆ ನರಸಿಂಹರಾಜಪುರದವರು, ಅಲ್ಲಿಯದಕ್ಕೆ ಕೊಪ್ಪದವರು ತೀರ್ಪು ಕೊಡಲಿ. ದಾನಿಗಳನ್ನು ತೀರ್ಪುಗಾರರ ಸಾಲಿನಲ್ಲಿ ಕೂರಿಸುವ ಪದ್ಧತಿಯಂತೂ ನಿಲ್ಲಲೇಬೇಕು.

ಬಲ್ಲವರೆಲ್ಲ ಒಂದೇ ಅಭಿಪ್ರಾಯಕ್ಕೆ ಬರುತ್ತಾರೆಂಬ ಭ್ರಮೆ ಬೇಡ. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು ಅವರ ಗೀತೆ 2004ರಲ್ಲಿ ನಾಡಗೀತೆಯಾಯಿತು. ಅದನ್ನು ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ ಎರಡೂವರೆ ನಿಮಿಷದಲ್ಲಿ ಹಾಡಬೇಕೆಂದು ಸರ್ಕಾರ ಗೊತ್ತುಮಾಡುವ ಹೊತ್ತಿಗೆ 2022 ಬಂದಿತ್ತು. ಎಸ್‌ಪಿಬಿ ಅವರೇ ಹೇಳಿಕೊಳ್ಳುತ್ತಿದ್ದ ಪ್ರಸಂಗವೂ ಇದೆ. ವಿದ್ಯಾರ್ಥಿಯಾಗಿದ್ದಾಗ ಆಂಧ್ರದ ಗೂಡೂರಿನ ಸ್ಪರ್ಧೆಯಲ್ಲಿ ಅವರಿಗೆ ಎರಡನೆಯ ಬಹುಮಾನ ಬಂದಿತು. ಅತಿಥಿಯಾಗಿದ್ದ ಎಸ್. ಜಾನಕಿ, ಈ ಹುಡುಗನಿಗೆ ಮೊದಲನೆಯದು ಸಲ್ಲಬೇಕಿತ್ತು ಎಂದು ವೇದಿಕೆಯ ಮೇಲೆಯೇ ಹೇಳಿದರಂತೆ. ಬಹುಮಾನ ಕೊಟ್ಟವರ ಹೆಸರು ಯಾರಿಗೂ ನೆನಪಿಲ್ಲ. ಆ ಮಾತನ್ನು ಮಾತ್ರ ಎಸ್‌ಪಿಬಿ ಮರೆಯಲಿಲ್ಲ. ಮುಂದೆ ಈಟಿವಿ ಕನ್ನಡದ ‘ಎದೆ ತುಂಬಿ ಹಾಡುವೆನು’ ಕಾರ್ಯಕ್ರಮದಲ್ಲಿ ಅವರು ಮಕ್ಕಳನ್ನು ತಿದ್ದುತ್ತಿದ್ದ ರೀತಿಯನ್ನು ಕಂಡವರಿಗೆ ಇದು ಅರ್ಥವಾಗುತ್ತದೆ. ತಪ್ಪಿದ ಜಾಗವನ್ನು ತಾವೇ ಹಾಡಿ ತೋರಿಸುತ್ತಿದ್ದರು. ಹಾಡಲು ಬರುವುದಿಲ್ಲ ಎನ್ನುತ್ತಿರಲಿಲ್ಲ.

ಅಂಕ ಕೊಡುವ ಕ್ರಮದಲ್ಲೂ ಎಚ್ಚರ ಬೇಕು. ಬೆಲ್ಜಿಯಂನ ಪ್ರಸಿದ್ಧ ಕ್ವೀನ್ ಎಲಿಜಬೆತ್ ಪಿಯಾನೊ ಸ್ಪರ್ಧೆಯಲ್ಲಿ ಯಾರು ಯಾವ ದಿನ ನುಡಿಸಬೇಕೆಂಬುದನ್ನು ಚೀಟಿ ಎತ್ತಿ ನಿರ್ಧರಿಸುತ್ತಾರೆ. ಹಾಗಿದ್ದೂ ಕೊನೆಕೊನೆಗೆ ನುಡಿಸಿದವರಿಗೇ ಮೇಲಿನ ಸ್ಥಾನಗಳು ಹೆಚ್ಚಾಗಿ ಸಿಕ್ಕಿವೆ ಎಂಬುದನ್ನು 1996ರಲ್ಲಿ ಇಬ್ಬರು ಅರ್ಥಶಾಸ್ತ್ರಜ್ಞರು ತೋರಿಸಿಕೊಟ್ಟರು. ಅಂಥ ದಿಗ್ಗಜರ ಕಿವಿಯೇ ಹೀಗಾದರೆ ನಮ್ಮದೇನು? ಮೊದಲ ಸ್ಪರ್ಧಿಗೆ ಮುಂಚೆ ಸ್ಪರ್ಧೆಯ ಹೊರಗಿನವರೊಬ್ಬರನ್ನು ಹಾಡಿಸಿ, ತೀರ್ಪುಗಾರರು ತಮ್ಮ ಅಳತೆಗೋಲನ್ನು ಸರಿಮಾಡಿಕೊಳ್ಳಲಿ. 2002ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಹಿಮನೃತ್ಯದ ತೀರ್ಪು ಹಗರಣವಾದ ಮೇಲೆ ಆ ಕ್ರೀಡೆಯವರು ಅಂಕದ ಪದ್ಧತಿಯನ್ನೇ ಬದಲಿಸಿದರು. ಅತಿ ಹೆಚ್ಚಿನ, ಅತಿ ಕಡಿಮೆಯ ಅಂಕಗಳನ್ನು ಬಿಟ್ಟು ಉಳಿದವುಗಳ ಸರಾಸರಿ ಹಿಡಿಯುತ್ತಾರೆ. ಐವರು ತೀರ್ಪುಗಾರರಿದ್ದರೆ ನಮಗೂ ಅದು ಸಾಧ್ಯ. ಒಬ್ಬರನ್ನೊಬ್ಬರು ಕೇಳದೆ ಬರೆಯಬೇಕು, ಬರೆದದ್ದನ್ನು ಪ್ರತಿ ಸ್ಪರ್ಧಿಗೂ ತೋರಿಸಬೇಕು.

ಪ್ರಚಾರದ ವಿಷಯಕ್ಕೆ ಬಂದರೆ, ಬಸ್ ನಿಲ್ದಾಣದ ಫ್ಲೆಕ್ಸ್ ಪೇಟೆಯವರಿಗೆ ಮಾತ್ರ ಕಾಣುತ್ತದೆ. ಲೈನ್ ಮನೆಗಳಿಗೆ, ಅಡಿಕೆ ಸುಲಿಯುವ ಚಪ್ಪರಗಳಿಗೆ ಸುದ್ದಿ ತಲುಪಬೇಕಾದರೆ ಯಾರಾದರೂ ಹೋಗಿ ಹೇಳಬೇಕು. ಮೊದಲ ಸುತ್ತಿಗೆ ವಾಟ್ಸ್ಆ್ಯಪ್‌ನಲ್ಲಿ ಧ್ವನಿ ಕಳಿಸಿದರೆ ಸಾಕು ಎಂದು ಕರಪತ್ರದಲ್ಲಿದೆ, ಒಳ್ಳೆಯದು. ಅದರ ಜೊತೆಗೆ ‘ನಿಮ್ಮ ಶ್ರುತಿಗೆ ಟ್ರ್ಯಾಕ್ ಹೊಂದಿಸಿಕೊಡಲಾಗುವುದು’ ಎಂಬ ಒಂದು ಸಾಲನ್ನು ದಪ್ಪ ಅಕ್ಷರದಲ್ಲಿ ಸೇರಿಸಿ ಎಂದು ನಾನು ಒತ್ತಾಯಿಸಿದೆ. ನರಸಿಂಹರಾಜಪುರದ ಕಡೆ ಕೇರಳದಿಂದ ಬಂದು ನೆಲೆಸಿದ ಕುಟುಂಬಗಳು ಬಹಳ. ಅವರ ಮಕ್ಕಳು ಕನ್ನಡ ಹಾಡನ್ನು ಹಾಡಲು ಹಿಂಜರಿಯದಂತೆ ಉಚ್ಚಾರಣೆಯ ಅಂಕವನ್ನು ತೂಗಿ ಇಡಬೇಕು.

ಸಮಯದ ಬಗ್ಗೆ ಸ್ವಲ್ಪ ಜಗಳವೇ ಆಯಿತು. ಸಂಜೆ ಆರಕ್ಕೆ ಆರಂಭಿಸಿದರೆ ಕಳೆ ಕಟ್ಟುತ್ತದೆ ಎನ್ನುವುದು ಅವರ ವಾದ. ಆರು ಎಂದರೆ ಏಳೂವರೆ. ರಾತ್ರಿ ಹತ್ತರ ನಂತರ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಅದಕ್ಕಿಂತ ಮುಖ್ಯವಾಗಿ, ಹಾಡಿದ ಹೆಣ್ಣುಮಕ್ಕಳು ಮನೆಗೆ ಹೋಗುವುದು ಹೇಗೆ? ಕಾರ್ಮಿಕರೇ 1991ರಲ್ಲಿ ಕಟ್ಟಿದ ಕೊಪ್ಪದ ಸಹಕಾರ ಸಾರಿಗೆಯ ಬಸ್ಸುಗಳು 2020ರಲ್ಲಿ ನಿಂತುಹೋದುವು. ಆ ಬಸ್ಸುಗಳಿದ್ದ ಕಾಲದ ಲೆಕ್ಕದಲ್ಲಿ ಕಾರ್ಯಕ್ರಮ ಹಾಕಿದರೆ ಕಾರು, ಬೈಕು ಇದ್ದವರ ಮಕ್ಕಳಷ್ಟೇ ಅಂತಿಮ ಸುತ್ತಿಗೆ ಉಳಿಯುತ್ತಾರೆ. ಬೆಳಿಗ್ಗೆ ಹತ್ತಕ್ಕೆ ಶುರುಮಾಡಿ ನಾಲ್ಕಕ್ಕೆ ಬಹುಮಾನ ಕೊಟ್ಟುಬಿಡಿ ಎಂದೆ. ಕೊಯ್ಲಿನ ದಿನಗಳಲ್ಲಿ ಹಗಲು ಯಾರು ಬರುತ್ತಾರೆ ಎಂದು ಅವರು ಕೇಳಿದರು. ಅದೂ ನ್ಯಾಯವಾದ ಪ್ರಶ್ನೆಯೇ. ಅಡಿಕೆ ಕೊಯ್ಲು ಬಿರುಸಾಗುವ ಮುಂಚಿನ ಒಂದು ಭಾನುವಾರವನ್ನು ಗೊತ್ತುಮಾಡುವುದೆಂದು ಕೊನೆಗೆ ಒಪ್ಪಿಕೊಂಡೆವು.

ಹೊರಡುವ ಮುನ್ನ ಅವರು ಕರಡನ್ನು ಮೇಜಿನ ಮೇಲಿಟ್ಟು ನಾಲ್ಕಿದ್ದ ಖಾಲಿ ಸಾಲುಗಳನ್ನು ಐದು ಮಾಡಿದರು. ಭಾಗವತರೊಬ್ಬರು ಫೋನಿನಲ್ಲೇ ಒಪ್ಪಿದರು. ಕರೋಕೆ ಎಂದರೇನೆಂದು ಒಮ್ಮೆ ತೋರಿಸಿಕೊಡಬೇಕು ಎಂಬುದಷ್ಟೇ ಅವರ ಷರತ್ತು. ಕೀಬೋರ್ಡ್ ನುಡಿಸುವವರೊಬ್ಬರು ಮದುವೆಯ ಮುಹೂರ್ತಗಳನ್ನು ನೋಡಿ ಹೇಳುತ್ತೇನೆಂದಿದ್ದಾರೆ. ಮೂರು ಸಾಲು ಇನ್ನೂ ಖಾಲಿ ಇದೆ. “ಒಂದಕ್ಕೆ ನಿಮ್ಮ ಹೆಸರು ಹಾಕ್ತೀವಿ ಮೇಷ್ಟ್ರೇ” ಎಂದರು. ಬೇಡ ಎಂದೆ. ಟ್ರ್ಯಾಕಿನ ಶ್ರುತಿ ಬದಲಿಸುವವನ ಪಕ್ಕದಲ್ಲಿ ಕುಳಿತು, ಪ್ರತಿ ಸ್ಪರ್ಧಿಯನ್ನೂ ಹಾಡುವ ಮುಂಚೆ ಒಮ್ಮೆ ಕೇಳುವ ಕೆಲಸವನ್ನು ವಹಿಸಿಕೊಂಡಿದ್ದೇನೆ.