ಸಿಯಾಕ್ಸ್ ಕತ್ತಿಯೂ ಕಾಡಿಗೆ ಹೋಗದ ಪಂಡಿತರೂ

ಬ್ಲಾಗ್ ಕಡೆ ತಲೆ ಹಾಕಿ ಹತ್ತಿರ ಹತ್ತಿರ ಎರಡು ತಿಂಗಳಾಯ್ತು. ಆಫೀಸಿನಲ್ಲಿ ರಿಲೀಸ್ ಗಲಾಟೆ, ಅದು ಮುಗಿದ ಮೇಲೆ ಮಾಮೂಲಿ ಸೋಮಾರಿತನ. ಇವತ್ತು ಬರೆಯೋಕೆ ಕೂತಿರೋದು ಸಿಟ್ಟಿನಿಂದ. ಅದೂ ಒಂದು ಕತ್ತಿಯ ವಿಷಯಕ್ಕೆ. ನಗಬೇಡಿ.

ಇಂಗ್ಲೆಂಡಿಗೆ ಬಂದ ಮೇಲೆ ನನಗೆ ಬುಶ್‌ಕ್ರಾಫ್ಟ್ ಹುಚ್ಚು ಹಿಡಿದದ್ದು ನಿಮ್ಮಲ್ಲಿ ಕೆಲವರಿಗೆ ಗೊತ್ತು. ವಾರಾಂತ್ಯ ಕಾಡಿಗೆ ಹೋಗೋದು, ಒಂದು ಕತ್ತಿ, ಒಂದು ಗರಗಸ, ಒಂದು ಪಾತ್ರೆ ಇಟ್ಕೊಂಡು ಬೆಂಕಿ ಹಾಕಿ ಅಡುಗೆ ಮಾಡ್ಕೊಂಡು ತಿನ್ನೋದು. (ನಮ್ಮಜ್ಜ ಇದನ್ನ ದಿನಾ ಮಾಡ್ತಿದ್ದರು, ಆದರೆ ಅದಕ್ಕೊಂದು ಹೆಸರಿದೆ ಅಂತ ಅವರಿಗೆ ಗೊತ್ತಿರಲಿಲ್ಲ :) ) ಫೆಬ್ರವರಿಯಲ್ಲಿ ಇಲ್ಲಿನ ಒಬ್ಬ ಕಮ್ಮಾರನ ಹತ್ತಿರ ನೂರ ನಲವತ್ತು ಪೌಂಡ್ ಕೊಟ್ಟು ಒಂದು ಸಿಯಾಕ್ಸ್ ತಗೊಂಡೆ. ಕೆಲವರು ಸ್ಯಾಕ್ಸ್ ಅಂತಾರೆ, ಆದರೆ ಹಾಗೆ ಬರೆದರೆ ನಮಗೆಲ್ಲ ಕದ್ರಿ ಗೋಪಾಲನಾಥ್ ನೆನಪಾಗಿಬಿಡ್ತಾರೆ. ಅದಕ್ಕೇ ಸಿಯಾಕ್ಸ್.

ಫೋಟೋ ನೋಡಿದ ನನ್ನ ಹಳೇ ರೂಮ್‌ಮೇಟ್ ಹೇಳಿದ್ದು ಇಷ್ಟು: "ಎಂಥದಾ ಮಾರಾಯ, ನಾಟಕ ಕಂಪನಿ ಸೇರಿದ್ಯಾ? ಇದ್ರಲ್ಲಿ ಕಾಡಲ್ಲಿ ಎಂಥ ಕೆಲಸನೂ ಆಗ್ಲಿಕ್ಕಿಲ್ಲ." ಅವನು ಸಿಯಾಕ್ಸ್ ಮುಟ್ಟಿ ನೋಡಿಲ್ಲ. ಒಂದಿಪ್ಪತ್ತು ವಿಡಿಯೋ ನೋಡಿದ್ದಾನೆ, ಅಷ್ಟೆ. ಇತ್ತ ನಮ್ಮ ಕಾಡಿನ ಗುಂಪಿನಲ್ಲಿ ಒಬ್ಬ ಇದ್ದಾನೆ, ಅವನದು ಪೂರ್ತಿ ಉಲ್ಟಾ. "ಸಾವಿರ ವರ್ಷದ ಹಿಂದೆ ವೈಕಿಂಗರು ಬಳಸಿದ್ದು, ಇನ್ನೇನು ಪ್ರಶ್ನೆ?" ಅಂತಾನೆ. ಇಬ್ಬರ ಮೇಲೂ ನನಗೆ ಸಿಟ್ಟು.

ಮೊದಲು ವೈಕಿಂಗ್ ಭಕ್ತನ ಕಥೆ ಮುಗಿಸ್ತೀನಿ. ಹಳೆ ಇಂಗ್ಲಿಷಿನಲ್ಲಿ ಸಿಯಾಕ್ಸ್ ಅಂದರೆ ಕತ್ತಿ, ಅಷ್ಟೆ. ಸ್ಯಾಕ್ಸನ್ನರಿಗೆ ಆ ಹೆಸರು ಬಂದದ್ದೇ ಇದರಿಂದ ಅನ್ನೋದು ವಾಡಿಕೆ. ಬೆರಳುದ್ದದ ಅಲಗಿನಿಂದ ಹಿಡಿದು ಹೆಚ್ಚು ಕಮ್ಮಿ ಖಡ್ಗದಷ್ಟು ಉದ್ದದವರೆಗೆ ಎಲ್ಲದಕ್ಕೂ ಅದೇ ಹೆಸರು. ಬೆನ್ನು ಮುರಿದಂತೆ ಕಾಣುವ ಆಕಾರ, ಅಂದರೆ ಕತ್ತಿಯ ಬಾಯಿ ನೇರ, ಬೆನ್ನು ಮಾತ್ರ ಒಂದು ಮೂಲೆಯಿಂದ ಸರ್ರನೆ ಇಳಿದು ಮೊನೆ ಸೇರೋದು, ಹೆಚ್ಚಾಗಿ ಇಂಗ್ಲೆಂಡಿನ ಸ್ಯಾಕ್ಸನ್ನರದ್ದೇ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಬೇಗ್ನೋತ್‌ನ ಸಿಯಾಕ್ಸ್ ಇದೆ. 1857ರಲ್ಲಿ ಬ್ಯಾಟರ್‌ಸಿ ಹತ್ತಿರ ಥೇಮ್ಸ್ ನದಿಯಲ್ಲಿ ಸಿಕ್ಕಿದ್ದು, ಸುಮಾರು 10ನೇ ಶತಮಾನದ್ದು, ಉದ್ದ 72 ಸೆಂಟಿಮೀಟರ್. ಅಲಗಿನ ಮೇಲೆ ರೂನ್ ಅಕ್ಷರಗಳ 28ರ ಸಾಲು, ಬೆಳ್ಳಿ, ತಾಮ್ರ, ಕಂಚಿನ ತಂತಿ ಕೂರಿಸಿದ ಕೆಲಸ. ಗಾಜಿನ ಮುಂದೆ ನಿಂತು ಅರ್ಧ ಗಂಟೆ ನೋಡಿದೀನಿ. ಆದರೆ ಆ ಬೇಗ್ನೋತ್ ಅದರಲ್ಲಿ ಪುರಲೆ ಸೀಳಿದ್ದ ಅಂತ ಯಾರಾದ್ರೂ ಹೇಳಿದರೆ ನಾನು ನಂಬಲ್ಲ. ಅಂಗಡಿಯವರು ಅದರ ಮಾನ ಇದಕ್ಕೆ ಅಂಟಿಸಿ ಮಾರ್ತಾರೆ. ಇನ್ನೊಂದು ತಮಾಷೆ: ಎಸೆಕ್ಸ್ ಕೌಂಟಿಯ ಲಾಂಛನದಲ್ಲಿ ಮೂರು ಸಿಯಾಕ್ಸ್ ಇವೆ, ಆದರೆ ಬಿಡಿಸಿದವರು ಅವನ್ನ ಅರಬ್ಬೀ ಕಥೆಯ ಬಾಗುಗತ್ತಿ ಥರ ಬಗ್ಗಿಸಿಟ್ಟಿದ್ದಾರೆ.

ಹಾಗಂತ ನನ್ನ ಗೆಳೆಯನ ವಾದ ಸರಿ ಅಂತಲ್ಲ. ಅವನ ಪ್ರಕಾರ "ನಿಜವಾದ" ಬುಶ್‌ಕ್ರಾಫ್ಟ್ ಕತ್ತಿ ಅಂದರೆ ನಾಲ್ಕಿಂಚು ಅಲಗು, ನಾಲ್ಕು ಮಿಲಿಮೀಟರ್ ದಪ್ಪ, ಮಧ್ಯದಲ್ಲಿ ಮೊನೆ. ಈ ನಿಯಮ ಎಲ್ಲಿಂದ ಬಂತು? ಟೀವಿಯಲ್ಲಿ ಹೆಸರಾದ ರೇ ಮಿಯರ್ಸ್‌ಗಾಗಿ ಅಲನ್ ವುಡ್ ಅನ್ನೋ ಕುಶಲಿ 1990ರ ಸುಮಾರಿಗೆ ವುಡ್‌ಲೋರ್ ಅನ್ನೋ ಕತ್ತಿ ಮಾಡಿಕೊಟ್ಟರು. ಒಳ್ಳೇ ಕತ್ತಿಯೇ. ಅದನ್ನ ನೋಡಿ ನೂರಾರು ಜನ ಅದೇ ಅಚ್ಚಿನಲ್ಲಿ ಮಾಡಿದರು, ಮೂವತ್ತೈದು ವರ್ಷದಲ್ಲಿ ಅದು ಶಾಸ್ತ್ರವಾಯ್ತು! ಅದಕ್ಕೂ ಮುಂಚೆಯೇ ಕೆನಡಾದ ಮೋರ್ಸ್ ಕೊಚಾನ್ಸ್ಕಿ ಸ್ವೀಡನ್ನಿನ ಮೋರಾ ಊರಿನ ತೆಳ್ಳನೆ ಅಗ್ಗದ ಕತ್ತಿಯಲ್ಲೇ ಎಲ್ಲ ಮಾಡಿ ತೋರಿಸಿದ್ದರು. ಉತ್ತರದ ಸಾಮಿ ಜನ ಉದ್ದನೆಯ ಲೆವುಕು ಒಂದು, ಚಿಕ್ಕದು ಒಂದು ಇಟ್ಕೊಳ್ತಾರೆ. ನಮ್ಮೂರ ಕಡೆ ಸೊಂಟದ ಹಿಂದೆ ಕೊಕ್ಕೆಗೆ ಸಿಕ್ಕಿಸ್ಕೊಳ್ಳೋ ಬಗ್ಗಿದ ಮೂತಿಯ ಕತ್ತಿ ಈ ಯಾವ ಲೆಕ್ಕಕ್ಕೂ ಸಿಗಲ್ಲ. ತೀರ್ಥಹಳ್ಳಿಯ ಕಡೆ ಹುಟ್ಟಿದವನು, ಆಚಾರಿ ಕುಲುಮೆಯಲ್ಲಿ ಲಾರಿ ಸ್ಪ್ರಿಂಗ್ ಪಟ್ಟಿ ಕಾಯಿಸಿ ಬಡಿದು ಕತ್ತಿ ಮಾಡೋದನ್ನ ನೋಡಿ ಬೆಳೆದವನು, ಕಾಡಿನ ಕತ್ತಿಗೆ ಒಂದೇ ಆಕಾರ ಅಂತ ವಾದ ಮಾಡಿದರೆ ಏನನ್ನಬೇಕು ಹೇಳಿ.

ಸರಿ, ಬೈದದ್ದಾಯ್ತು. ಕೆಲಸಕ್ಕೆ ಬರೋಣ. ನನ್ನ ಕತ್ತಿ ಅಲಗು 18 ಸೆಂ.ಮೀ., ಬೆನ್ನಿನ ದಪ್ಪ 5 ಮಿ.ಮೀ., ಬೆನ್ನು ಮುರಿಯೋ ಮೂಲೆ ಮೊನೆಯಿಂದ 6 ಸೆಂ.ಮೀ. ಹಿಂದೆ. ಕಾರ್ಬನ್ ಸ್ಟೀಲು, ಒರೆಸದೆ ಬಿಟ್ಟರೆ ರಾತ್ರಿ ಬೆಳಗಾಗೋದರೊಳಗೆ ತುಕ್ಕು. ಪರಿಚಯದವರೊಬ್ಬರ ಸ್ವಂತ ಕಾಡಿನಲ್ಲಿ, ಅವರ ಅನುಮತಿ ಪಡೆದು, ಐದು ವಾರಾಂತ್ಯ ಬಳಸಿದೀನಿ.

ಇದರ ದೊಡ್ಡ ಗುಣ ಆ ನೇರ ಬಾಯಿ. ಮಸೆಯೋದು ಎಷ್ಟು ಸುಲಭ ಅಂದರೆ, ಸಾಣೆಕಲ್ಲಿನ ಮೇಲೆ ಮಲಗಿಸಿ ನೇರ ತಳ್ಳಿದರೆ ಮುಗೀತು. ಬೇರೆ ಕತ್ತಿಗಳಲ್ಲಿ ಮೊನೆ ಹತ್ತಿರ ಹೊಟ್ಟೆ ಬಾಗೋ ಕಡೆ ಕೈ ಎತ್ತಬೇಕು, ಅಲ್ಲೇ ಎಲ್ಲರೂ ಕೋನ ಕೆಡಿಸೋದು. ಬೆಂಕಿ ಹಚ್ಚೋಕೆ ಕಡ್ಡಿಯಿಂದ ಗರಿಗರಿ ಸಿಪ್ಪೆ ಎಬ್ಬಿಸ್ತೀವಲ್ಲ, ಅದರಲ್ಲಿ ಅಲಗಿನ ಉದ್ದಕ್ಕೂ ಒಂದೇ ಥರ ಕಚ್ಚುತ್ತೆ. ಒದ್ದೆ ಬರ್ಚ್ ಮರದ ಒಳಗಿನ ಒಣ ಭಾಗದಿಂದ ಮೊದಲ ಸಲವೇ ಸುರುಳಿ ಸುರುಳಿ ಬಂತು. ಮೊನೆ ಬಾಯಿಯ ಗೆರೆಯಲ್ಲೇ ಇರೋದರಿಂದ, ಪಾತ್ರೆ ತೂಗುಹಾಕೋ ಕೊಕ್ಕೆಗೆ ಕಚ್ಚು ಕೊರೆಯುವಾಗ ಮೊನೆ ಎಲ್ಲಿದೆ ಅಂತ ಕಣ್ಣಿಗಿಂತ ಮೊದಲು ಕೈಗೆ ಗೊತ್ತಾಗುತ್ತೆ. ಇದೇನು ವಿಚಿತ್ರವೂ ಅಲ್ಲ, ಶೆಫೀಲ್ಡಿನ ವಾರ್ನ್‌ಕ್ಲಿಫ್ ಅನ್ನೋ ಜೇಬುಗತ್ತಿಯೂ ಇದೇ ಜಾತಿ, ಬಾಯಿ ನೇರ, ಬೆನ್ನು ಇಳಿದು ಬರುತ್ತೆ.

ಈಗ ಪಂಡಿತರ ಬ್ರಹ್ಮಾಸ್ತ್ರ: ಬೆನ್ನಿಗೆ ಕೊರಡಿನಿಂದ ಬಡಿದು ಸೌದೆ ಸೀಳೋದು. "ಸಿಯಾಕ್ಸ್‌ನಲ್ಲಿ ಅದಾಗಲ್ಲ" ಅಂತಾರೆ. ಆಗುತ್ತೆ ಸ್ವಾಮಿ, ಲೆಕ್ಕ ಹಾಕಿದರೆ. ಎಂಟು ಸೆಂ.ಮೀ. ದಪ್ಪದ ತುಂಡಿಗೆ ಅಲಗಿನ ಬುಡ ಹೊಂದಿಸಿ ಇಟ್ಟರೆ ಇನ್ನೊಂದು ಕಡೆ ಹತ್ತು ಸೆಂ.ಮೀ. ಹೊರಗಿರುತ್ತೆ. ಅದರಲ್ಲಿ ಮೊದಲ ನಾಲ್ಕು ಸಮತಟ್ಟು ಬೆನ್ನು, ಉಳಿದ ಆರು ಇಳಿಜಾರು. ಆ ನಾಲ್ಕರ ಮೇಲೆ ಬಡಿದರೆ ಸಲೀಸು. ಇಳಿಜಾರಿನ ಮೇಲೆ ಬಡಿದರೆ ಕೊರಡು ಜಾರುತ್ತೆ, ಪೆಟ್ಟು ಮೊನೆ ಕಡೆ ಹೋಗುತ್ತೆ, ಮೂಲೆ ಕೊರಡನ್ನೇ ತಿಂದುಹಾಕುತ್ತೆ. ಹನ್ನೆರಡು ಸೆಂ.ಮೀ.ನ ತುಂಡಿಗೆ ಹೋದರೆ ಇಳಿಜಾರು ಬಿಟ್ಟು ಬೇರೆ ಉಳಿಯೋದೇ ಇಲ್ಲ. ಅಂದರೆ ಮಿತಿ ಇದೆ, ಒಪ್ಪಿದೆ. ಆದರೆ ಒಂದು ಪ್ರಶ್ನೆ: ಮುಂಗೈ ದಪ್ಪದ ಒಣ ಕೊಂಬೆ ಸುತ್ತ ನಿಂತಿರೋವಾಗ ತೊಡೆ ದಪ್ಪದ್ದನ್ನ ಕತ್ತಿಯಲ್ಲಿ ಯಾಕೆ ಸೀಳಬೇಕು? ಕೊಡಲಿ ಯಾಕಿರೋದು? ಕ್ಯಾಮೆರಾ ಮುಂದೆ ಢಬ ಢಬ ಶಬ್ದ ಬರಲಿ ಅಂತ ಹುಟ್ಟಿದ ಪರೀಕ್ಷೆ ಇದು ಅಂತ ನನ್ನ ಗಟ್ಟಿ ಅನುಮಾನ.

ನಿಜವಾದ ದೋಷ ಇರೋದು ಬೇರೆ ಕಡೆ, ಅದನ್ನ ವಿಡಿಯೋ ಪಂಡಿತರು ಒಬ್ಬರೂ ಹೇಳಿರಲಿಲ್ಲ. ಒಂದು, ದಪ್ಪ. ಬಾಗದೆ ನಿಲ್ಲೋ ಬಿಗಿತ ದಪ್ಪದ ಘನಕ್ಕೆ ತಕ್ಕಂತೆ ಏರುತ್ತೆ (ನಾಲ್ಕು ವರ್ಷ ಓದಿದ್ದು ಇಲ್ಲಾದ್ರೂ ಉಪಯೋಗಕ್ಕೆ ಬರಲಿ), 5 ಮಿ.ಮೀ. ಅಂದರೆ 2.5ರ ಮೋರಾಗಿಂತ ಎಂಟು ಪಟ್ಟು. ನನಗೆ ಅಷ್ಟು ಬಿಗಿತ ಯಾವತ್ತೂ ಬೇಕಾಗಲಿಲ್ಲ, ಆದರೆ ಉಪ್ಪಿಟ್ಟಿಗೆ ಕ್ಯಾರೆಟ್ ಹೆಚ್ಚೋವಾಗ ಆ ದಪ್ಪ ಕ್ಯಾರೆಟ್ಟನ್ನ ಕೊಯ್ಯಲಿಲ್ಲ, ಫಟ್ ಅಂತ ಸೀಳಿತು. ಎರಡು, ಹಿಡಿಗೂ ಅಲಗಿಗೂ ಮಧ್ಯೆ ತಡೆ ಇಲ್ಲ. ಮೂಲ ಸಿಯಾಕ್ಸ್‌ನಲ್ಲೂ ಇರಲಿಲ್ಲ, ನನ್ನ ಕಮ್ಮಾರ ಅದನ್ನ ನಿಷ್ಠೆಯಿಂದ ನಕಲು ಮಾಡಿದ್ದ. ಮೂರನೇ ವಾರ ಮಳೆ, ಹಲಗೆಗೆ ಮೊನೆಯಿಂದ ತೂತು ಕೊರೀತಿದ್ದೆ, ಒದ್ದೆ ಕೈ ಮುಂದೆ ಜಾರಿತು. ತೋರುಬೆರಳು ಎಲುಬಿನವರೆಗೆ ಅಲ್ಲ, ಆದರೆ ಅದರ ದಾರಿಯಲ್ಲಿತ್ತು. ಮೂರು ಹೊಲಿಗೆ. ಆಮೇಲೆ ಎರಡು ವಾರ ಒಂಬತ್ತು ಬೆರಳಲ್ಲಿ ಕೋಡ್ ಬರೆದೆ. ತಪ್ಪು ನನ್ನದೇ, ಆದರೆ ಹಿಡಿಯ ಮುಂದೆ ಒಂದು ಸಣ್ಣ ಉಬ್ಬು ಇದ್ದಿದ್ದರೆ ಆಗ್ತಿರಲಿಲ್ಲ. ಹತ್ತಿಪ್ಪತ್ತು ಪೌಂಡಿಗೆ ಸಿಗೋ ಮೋರಾದಲ್ಲಿ ಆ ಉಬ್ಬಿದೆ!

ಮೂರನೆಯದು ಉದ್ದ. ಇದನ್ನ ಹೇಳೋಕೆ ಸ್ವಲ್ಪ ನಾಚಿಕೆ.

ಏಪ್ರಿಲ್‌ನಲ್ಲಿ ಒಂದು ಸೋಮವಾರ ಆಫೀಸಿನಲ್ಲಿ ಚಾರ್ಜರ್ ಅಂತ ಬ್ಯಾಗಿಗೆ ಕೈ ಹಾಕಿದರೆ ಕೈಗೆ ಸಿಕ್ಕಿದ್ದು ಒರೆ. ಭಾನುವಾರ ಕಾಡಿಂದ ಬಂದವನು ಬ್ಯಾಗ್ ಖಾಲಿ ಮಾಡದೆ ಮಲಗಿದ್ದೆ. ಇಲ್ಲಿನ 1988ರ ಕ್ರಿಮಿನಲ್ ಜಸ್ಟಿಸ್ ಆಕ್ಟಿನ 139ನೇ ಸೆಕ್ಷನ್ ಪ್ರಕಾರ ಸಾರ್ವಜನಿಕ ಜಾಗದಲ್ಲಿ ಸರಿಯಾದ ಕಾರಣ ಇಲ್ಲದೆ ಕತ್ತಿ ಇಟ್ಟುಕೊಂಡಿದ್ದರೆ ನಾಲ್ಕು ವರ್ಷದವರೆಗೆ ಜೈಲು. ಮೂರಿಂಚು ಮೀರದ, ಲಾಕ್ ಆಗದ ಮಡಚುಗತ್ತಿಗೆ ಮಾತ್ರ ವಿನಾಯಿತಿ. ಕಾರಣ ಇದೆ ಅಂತ ತೋರಿಸಬೇಕಾದವನು ನಾನೇ. "ಮರೆತುಹೋಗಿತ್ತು ಸಾರ್" ಅನ್ನೋದಷ್ಟೇ ಇಲ್ಲಿನ ಕೋರ್ಟುಗಳಿಗೆ ಸಾಕಾಗಲ್ಲ. ಶನಿವಾರ ಕಾಡಿಗೆ ಹೋಗೋ ದಾರಿಯಲ್ಲಾದ್ರೆ ಕಾರಣ ಹೇಳಬಹುದು. ಸೋಮವಾರ ಬೆಳಗ್ಗೆ ಬಸ್ಸಿನಲ್ಲಿ, ವೀಸಾ ಮೇಲಿರೋ ಕಂದು ಬಣ್ಣದ ಹುಡುಗನ ಬ್ಯಾಗಿನಲ್ಲಿ, ಏಳಿಂಚಿನ ಯುದ್ಧದ ಮುಖದ ಕತ್ತಿ! ಮಧ್ಯಾಹ್ನ ತಲೆನೋವು ಅಂತ ಸುಳ್ಳು ಹೇಳಿ ಮನೆಗೆ ಹೊರಟೆ. ಮೂರು ಮೈಲಿ. ಬಸ್ ಹತ್ತೋಕೆ ಧೈರ್ಯ ಸಾಲದೆ ನಡೆದೇ ಬಂದೆ. ಎದುರಿಗೆ ಯಾರಾದ್ರೂ ಹಳದಿ ಜಾಕೆಟ್ ಹಾಕಿಕೊಂಡು ಬಂದರೆ ಎದೆ ಧಸಕ್. ಎಲ್ಲರೂ ರಸ್ತೆ ಅಗೆಯೋರೇ, ಪುಣ್ಯಕ್ಕೆ.

ಮೋರಾ ಇದ್ದಿದ್ದರೂ ಕಾನೂನಿನ ಕಣ್ಣಿಗೆ ಅದೇ ತಪ್ಪು, ಗೊತ್ತು. ಆದರೆ ನಾಲ್ಕಿಂಚಿನ ಕೆಂಪು ಪ್ಲಾಸ್ಟಿಕ್ ಹಿಡಿಯ ಕತ್ತಿ ತೋರಿಸಿ "ಚಮಚ ಕೆತ್ತೋಕೆ" ಅಂದರೆ ಪೊಲೀಸಪ್ಪ ಅರ್ಧವಾದ್ರೂ ನಂಬಬಹುದು. ಮಾರೋವಾಗ "ಯೋಧರ ಕತ್ತಿ" ಅಂತ ಹಾಡಿ ಹೊಗಳಿದ್ದನ್ನ ತೋರಿಸಿ ಹಾಗೆ ಅಂದರೆ? ಅಂಗಡಿಯ ಆ ಒಂದು ಸಾಲು ಜಾಹೀರಾತು ನನ್ನ ವಿರುದ್ಧ ಸಾಕ್ಷಿ ಆಗ್ತಿತ್ತು. ಅದಕ್ಕೇ ವೈಕಿಂಗ್ ಭಕ್ತರ ಮೇಲೆ ನನ್ನ ಸಿಟ್ಟು ಗೆಳೆಯನ ಮೇಲಿನ ಸಿಟ್ಟಿಗಿಂತ ಒಂದು ಗುಂಜಿ ಜಾಸ್ತಿ.

ಈಗ ಕಮ್ಮಾರನಿಗೆ ಬರೆದಿದ್ದೀನಿ. ಅದೇ ಆಕಾರ, ಅದೇ ಮುರಿದ ಬೆನ್ನು, ಆದರೆ ಅಲಗು ಹತ್ತು ಸೆಂ.ಮೀ., ದಪ್ಪ ಮೂರು ಮಿಲಿಮೀಟರ್, ಹಿಡಿಯ ಮುಂದೆ ಒಂದು ಉಬ್ಬು. "ಅದು ಚಾರಿತ್ರಿಕ ಅಲ್ಲ" ಅಂತ ಉತ್ತರ ಬಂತು. ನನ್ನ ಬೆರಳೂ ಚಾರಿತ್ರಿಕ ಅಲ್ಲ, ಒಂದೇ ಸೆಟ್ ಇರೋದು ಅಂತ ಬರೆದೆ. ಒಪ್ಪಿದ್ದಾನೆ, ಆಗಸ್ಟ್‌ನಲ್ಲಿ ಕೊಡ್ತಾನಂತೆ. ದೊಡ್ಡದು ಸದ್ಯ ಅಡುಗೆಮನೆಯಲ್ಲಿದೆ, ಹಲಸಿನಕಾಯಿ ಸಿಕ್ಕಿದ ದಿನ ಅದನ್ನ ಮೀರಿಸೋದಿಲ್ಲ. ಗೆಳೆಯ ಮುಂದಿನ ತಿಂಗಳು ಕ್ಲೈಂಟ್ ಕೆಲಸಕ್ಕೆ ಲಂಡನ್ನಿಗೆ ಬರ್ತಿದ್ದಾನೆ, ಕಾಡಿಗೆ ಕರ್ಕೊಂಡು ಹೋಗ್ತೀನಿ. ಸೌದೆ ಅವನೇ ಸೀಳಬೇಕು ಅಂತ ಈಗಲೇ ಹೇಳಿದೀನಿ.