ಹೊಗೆಗೂ ಒಂದು ಹೊತ್ತು, ಒಂದು ದಿಕ್ಕು

ಒಂದು ಕಡೆ ಬಿಳಿಗಿರಿರಂಗನ ಬೆಟ್ಟ, ಇನ್ನೊಂದು ಕಡೆ ಬಂಡೀಪುರ. ಚಾಮರಾಜನಗರ ಸೀಮೆಯಲ್ಲಿ ವಾಯುಮಾಲಿನ್ಯದ ಮಾತೆತ್ತಿದರೆ, ಅದು ಬೆಂಗಳೂರಿನ ಕಷ್ಟ ಎಂದು ಜನ ಸುಮ್ಮನಾಗುತ್ತಾರೆ. ಆದರೆ ನಾವು ಉಸಿರಾಡುವುದು ನಿಂತಲ್ಲಿನ ಗಾಳಿಯನ್ನು.

ಬಂಡೀಪುರದಲ್ಲಿ 2009ರಿಂದ ರಾತ್ರಿ ಸಂಚಾರಕ್ಕೆ ತಡೆಯಿದೆ. ಕಾಡುಪ್ರಾಣಿಗಳ ಪಾಲಿಗೆ ಅದು ಬೇಕೇ ಬೇಕು. ಹಾಗಾಗಿ ಕೇರಳದ ಕಡೆಗೆ ಹೋಗುವ ಲಾರಿಗಳು ಮದ್ದೂರು ಚೆಕ್‌ಪೋಸ್ಟ್‌ನಲ್ಲೂ, ಊಟಿ ಕಡೆಗೆ ಹೋಗುವವು ಮೇಲುಕಾಮನಹಳ್ಳಿಯಲ್ಲೂ ಬೆಳಗಿನ ಆರಕ್ಕೆ ಕಾಯುತ್ತವೆ. ಗೇಟು ತೆರೆಯುವ ಹೊತ್ತಿಗೆ ಸಾಲು ಸಾಲು ಡೀಸೆಲ್ ಎಂಜಿನ್‌ಗಳು ಒಟ್ಟಿಗೇ ಚಾಲೂ ಆಗುತ್ತವೆ. ಇತ್ತ ಕುದೇರಿನಲ್ಲಿ ಹಾಲು ಒಕ್ಕೂಟದ ಡೇರಿಯಿದೆ. ಹಸು ಕರೆಯುವುದೇ ಬೆಳಿಗ್ಗೆ, ಸಂಜೆ. ಹಾಲಿನ ಗಾಡಿಗಳ ಓಡಾಟವೂ ಅದನ್ನೇ ಅನುಸರಿಸುತ್ತದೆ. ಇವೆಲ್ಲ ನಮ್ಮ ಅನ್ನದ ದಾರಿಗಳು. ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ.

ತೊಂದರೆ ಇರುವುದು ಹೊತ್ತಿನಲ್ಲಿ. ಚಳಿಗಾಲದ ಮುಂಜಾನೆ ನೆಲ ತಣ್ಣಗಿರುತ್ತದೆ, ಮೇಲಿನ ಗಾಳಿ ಬೆಚ್ಚಗಿರುತ್ತದೆ. ಹೊಗೆ ಮೇಲೇರಲಾರದೆ ಕೆಳಗೇ ಉಳಿಯುತ್ತದೆ. ಅಷ್ಟೇ ವಾಹನ ಮಧ್ಯಾಹ್ನ ಓಡಿದರೆ ಬಿಸಿಲು, ಗಾಳಿ ಸೇರಿ ಚದುರಿಸಿಬಿಡುತ್ತವೆ.

ಇದನ್ನು ಲೆಕ್ಕ ಹಾಕುವ ಗಣಿತ ಹೊಸದೇನಲ್ಲ. ಕ್ಯಾಲಿಫೋರ್ನಿಯಾದ ಸಾರಿಗೆ ಇಲಾಖೆ ರೂಪಿಸಿದ 'ಕ್ಯಾಲೈನ್' ಮಾದರಿ ರಸ್ತೆಯನ್ನೇ ಹೊಗೆ ಉಗುಳುವ ಒಂದು ಗೆರೆ ಎಂದು ಭಾವಿಸುತ್ತದೆ. ಗಂಟೆಗೆ ಎಷ್ಟು ಲಾರಿ, ಬಸ್ಸು, ಬೈಕು. ಒಂದೊಂದೂ ಕಿಲೋಮೀಟರಿಗೆ ಉಗುಳುವುದೆಷ್ಟು. ಗಾಳಿಯ ವೇಗ, ದಿಕ್ಕು ಯಾವುದು ಎಂದು ಕೊಟ್ಟರೆ, ಯಾವ ಬೀದಿಗೆ ಎಷ್ಟು ಹೊಗೆ ಎಂಬ ಅಂದಾಜು ಸಿಗುತ್ತದೆ. ಗಾಳಿಯ ವೇಗ ಅರ್ಧಕ್ಕಿಳಿದರೆ ಹೊಗೆಯ ಸಾಂದ್ರತೆ ಹೆಚ್ಚುಕಡಿಮೆ ದುಪ್ಪಟ್ಟು. ಹಗಲಿನಲ್ಲಿ ರಸ್ತೆಯಿಂದ 150–200 ಮೀಟರ್ ಸರಿದರೆ ಬಹುಪಾಲು ತಗ್ಗಿರುತ್ತದೆ; ತಣ್ಣನೆಯ ಮುಂಜಾನೆ ಇನ್ನೂ ದೂರ ಹರಿಯುತ್ತದೆ.

ಚಾಮರಾಜನಗರದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾಪನ ಕೇಂದ್ರವಿದೆ. ಅದು ಮದ್ದೂರಿನ ಗಾಳಿಯನ್ನಾಗಲಿ ಕುದೇರಿನ ಗಾಳಿಯನ್ನಾಗಲಿ ಹೇಳಲಾರದು. ದೇಶದ ಮಾನದಂಡದಲ್ಲಿ ಪಿಎಂ 2.5 ಎಂಬ ಸೂಕ್ಷ್ಮ ಕಣಗಳ ಮಿತಿ ಘನ ಮೀಟರಿಗೆ 60 ಮೈಕ್ರೋಗ್ರಾಂ. ಅದೂ 24 ಗಂಟೆಯ ಸರಾಸರಿ. ಬೆಳಗಿನ ಎರಡು ಗಂಟೆಯ ದಟ್ಟ ಹೊಗೆ ಆ ಸರಾಸರಿಯಲ್ಲಿ ಕರಗಿಹೋಗುತ್ತದೆ. ಅದೇ ಹೊತ್ತಿನಲ್ಲಿ ಬಸ್ಸಿಗೆ ಕಾದು ನಿಂತ ಮಗುವಿನ ಎದೆಯಲ್ಲಿ ಕರಗುವುದಿಲ್ಲ.

ಚಾಮರಾಜನಗರದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು ವಾಹನ ಎಣಿಸಲಿ, ಮಾದರಿ ಓಡಿಸಲಿ. ಮಂಡಳಿ ಸ್ಥಳದಲ್ಲೇ ಅಳೆದು ತಾಳೆ ನೋಡಲಿ. ಅದರ ಆಧಾರದ ಮೇಲೆ ಜಿಲ್ಲಾಡಳಿತ ಮೂರು ಕೆಲಸ ಮಾಡಲಿ: ಕಾಯುವ ಲಾರಿಗಳಿಗೆ ಊರ ಹೊರಗೆ, ಗಾಳಿ ಊರಿನತ್ತ ಬೀಸದ ಕಡೆ ತಂಗುದಾಣ; ನಿಂತಿರುವಾಗ ಎಂಜಿನ್ ಬಂದ್ ಮಾಡುವ ನಿಯಮ; ಹೊಸ ಶಾಲೆ, ಅಂಗನವಾಡಿಗಳಿಗೆ ಹೆದ್ದಾರಿಯಿಂದ ಕನಿಷ್ಠ 200 ಮೀಟರ್ ದೂರದ ಜಾಗ. ಊರು ಇನ್ನೂ ಸಣ್ಣದಿದೆ, ಜಾಗ ಇನ್ನೂ ಇದೆ. ಕಟ್ಟಡ ಎದ್ದ ಮೇಲೆ ಲೆಕ್ಕ ಹಾಕಿ ಪ್ರಯೋಜನವಿಲ್ಲ, ಈಗಲೇ ಹಾಕಬೇಕು.