ಒಡೆಯನಿಗೂ ಮೀರಿದ ಕಟ್ಟಳೆ

ತುಂಬು ಮನೆಯ ಅಡಿಗೆಯವನಿಗೆ ಉಗ್ರಾಣದ ಬೀಗದ ಕೈ ಬೇಕು. ಒಡವೆಯ ಪೆಟ್ಟಿಗೆಯದು ಬೇಡ. ಇಷ್ಟು ವಿವೇಕ ಗೃಹಿಣಿಯರೆಲ್ಲರಿಗೂ ಉಂಟು. ನಿತ್ಯಬಳಕೆಯ ಗಣಕಯಂತ್ರಗಳಿಗೆ ಮಾತ್ರ ಅದು ಬಹಳ ತಡವಾಗಿ ಬಂದಿತು. ಜಾಲಪುಟ ಒದಗಿಸುವುದು, ಅಂಚೆ ಸಾಗಿಸುವುದು ಮೊದಲಾದ ಊಳಿಗಗಳನ್ನು ತೆರೆಮರೆಯಲ್ಲಿ ನಡೆಸುವ ಸೇವಾಕಾರ್ಯಕ್ರಮಗಳು ಯೂನಿಕ್ಸ್ ಮನೆತನದ ಗಣಕಗಳಲ್ಲಿ ಅನೇಕ ವೇಳೆ ‘ರೂಟ್’ ಎಂಬ ಸರ್ವಾಧಿಕಾರಿಯ ಹೆಸರಿನಲ್ಲಿಯೇ ಓಡುತ್ತಿದ್ದುವು. ಅವುಗಳಲ್ಲೊಂದರ ಲೋಪವನ್ನು ಹಿಡಿದು ಒಳನುಗ್ಗಿದವನಿಗೆ ಇಡೀ ಯಂತ್ರವೇ ಕೈವಶವಾಗುತ್ತಿತ್ತು.

ಕಡತವನ್ನು ಯಾರು ಓದಬಹುದೆಂದು ಅದರ ಒಡೆಯನೇ ನಿರ್ಧರಿಸುವುದು ಹಳೆಯ ಪದ್ಧತಿ. ಕಡ್ಡಾಯ ನಿಯಂತ್ರಣದ ಪದ್ಧತಿಯಲ್ಲಿ ಆ ಸ್ವಾತಂತ್ರ್ಯವಷ್ಟೇ ಸಾಲದು. ಓಡುವ ಪ್ರತಿ ಕಾರ್ಯಕ್ರಮಕ್ಕೂ ಪ್ರತಿ ಕಡತಕ್ಕೂ ಒಂದೊಂದು ಚೀಟಿ, ಯಾವ ಚೀಟಿಯವನು ಯಾವುದನ್ನು ಮುಟ್ಟಬಹುದೆಂಬುದು ಕಟ್ಟಳೆಯಲ್ಲಿ ಬರೆದಿರುತ್ತದೆ, ಬರೆಯದಿರುವುದೆಲ್ಲ ನಿಷಿದ್ಧ. ಗಣಕದ ತಿರುಳಾದ ಕರ್ನೆಲ್ ಅದರಂತೆ ನಡೆಸುತ್ತದೆ. ಜಾಲಪುಟದ ಸೇವಕನು ತನ್ನ ಪುಟಗಳನ್ನು ಓದಬಲ್ಲನು. ಪಾಸ್‌ವರ್ಡುಗಳ ಕಡತದತ್ತ ಕೈಚಾಚಿದರೆ ತಡೆ, ಜೊತೆಗೆ ದಿನಚರಿಯಲ್ಲೊಂದು ದಾಖಲೆ. ರೂಟ್‌ನ ಹೆಸರು ಹೇಳಿದರೂ ನಡೆಯದು.

ಲಿನಕ್ಸ್‌ಗಾಗಿ ಇಂತಹ ಏರ್ಪಾಟೊಂದನ್ನು, ಎಸ್‌ಇಲಿನಕ್ಸ್ ಎಂಬ ಹೆಸರಿನಲ್ಲಿ, 2000ದ ಡಿಸೆಂಬರಿನಲ್ಲಿ ಬಹಿರಂಗಪಡಿಸಿದುದು ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ. ಪರರ ಗುಟ್ಟನ್ನು ಕದ್ದು ಕೇಳುವುದೇ ಕಸುಬಾದವರು ಬೀಗವನ್ನು ಪುಕ್ಕಟೆಯಾಗಿ ಹಂಚುವುದೆಂದರೆ ವಿನೋದವೇ ಸರಿ! ಆದರೆ ಅದರ ಮೂಲಲಿಪಿ ಎಲ್ಲರ ಕಣ್ಣೆದುರಿಗೇ ಇತ್ತು. 2003ರಲ್ಲಿ ಲಿನಕ್ಸ್‌ನ ಮುಖ್ಯ ತಿರುಳಿಗೇ ಸೇರಿಕೊಂಡಿತು.

ತೊಡಕು ಬಂದುದು ಬಳಕೆಯಲ್ಲಿ. 2004ರ ಫೆಡೋರಾ ಕೋರ್ 2ರೊಡನೆ ಎಲ್ಲ ಕಾರ್ಯಕ್ರಮಗಳನ್ನೂ ಬಿಗಿಯುವ ಕಠಿಣ ಕಟ್ಟಳೆ ಬಂದಿತು. ಬಿಗಿತವೇ ಅತಿಯಾಗಿ, ಅದನ್ನು ಆರಿಸಿಟ್ಟೇ ಹಂಚಬೇಕಾಯಿತು. ಅದೇ ವರ್ಷದ ಕೊನೆಗೆ ಬಂದ ಫೆಡೋರಾ ಕೋರ್ 3, ಜಾಲದ ಅಪಾಯಕ್ಕೆ ಒಡ್ಡಿಕೊಂಡ ಕೆಲವೇ ಸೇವೆಗಳಿಗೆ ಮಾತ್ರ ಬೇಲಿ ಹಾಕಿ ಉಳಿದವುಗಳನ್ನು ಅವುಗಳ ಪಾಡಿಗೆ ಬಿಟ್ಟಿತು. ಸೋಲನ್ನೊಪ್ಪಿದಂತೆ ತೋರಿದರೂ ಇದು ಜಾಣತನ. ಜನ ಸಹಿಸಲಾರದ ಕಾವಲು ಕಾವಲೇ ಅಲ್ಲ. ಇಷ್ಟಾದರೂ ಯಾವುದೋ ಸೇವೆ ಮುಷ್ಕರ ಹೂಡಿದೊಡನೆ ಕಾರಣವನ್ನು ದಿನಚರಿಯಲ್ಲಿ ಹುಡುಕದೆ, ಕಾವಲನ್ನೇ ಆರಿಸಿಬಿಡುವ ನಿರ್ವಾಹಕರು ಇಂದಿಗೂ ಇದ್ದಾರೆ. ನೆಗಡಿ ಬಂತೆಂದು ಮೂಗನ್ನೇ ಕೊಯ್ದುಕೊಳ್ಳುವ ಚಿಕಿತ್ಸೆ!

ಕಟ್ಟಳೆಯ ಬಿಗಿಗಿಂತ ಅದರ ವಿಂಗಡಣೆ ಮುಖ್ಯವೆಂಬುದು ಕೈಫೋನಿನಲ್ಲಿ ತಿಳಿದುಬಂದಿತು. 2014ರ ಆಂಡ್ರಾಯ್ಡ್ 5ರಲ್ಲಿ ಎಸ್‌ಇಲಿನಕ್ಸ್ ಪೂರ್ಣವಾಗಿ ಜಾರಿಗೆ ಬಂದಿದ್ದಿತು. ಆದರೂ 2015ರಲ್ಲಿ ಸ್ಟೇಜ್‌ಫ್ರೈಟ್ ಎಂಬ ದೋಷಸಮೂಹ ಬಯಲಾದಾಗ, ಕಪಟದ ವಿಡಿಯೋ ಒಂದನ್ನು ಸಂದೇಶವಾಗಿ ಕಳುಹಿಸಿ ಫೋನಿನೊಳಗೆ ನುಸುಳಬಹುದೆಂದು ಕಂಡುಬಂದಿತು. ವಿಡಿಯೋ ಬಿಡಿಸುವ ಸೇವೆ ಬೇಲಿಯೊಳಗೇ ಇತ್ತು, ನಿಜ. ಆದರೆ ಕ್ಯಾಮರಾ, ಮೈಕು, ಜಾಲಸಂಪರ್ಕಗಳೂ ಅದೇ ಬೇಲಿಯೊಳಗಿದ್ದುವು. ಅಡಿಗೆಯವನ ಕೈಗೇ ಒಡವೆಯ ಪೆಟ್ಟಿಗೆಯನ್ನೂ ಒಪ್ಪಿಸಿದ್ದರು. 2016ರ ಆಂಡ್ರಾಯ್ಡ್ 7ರಲ್ಲಿ ಆ ಸೇವೆಯನ್ನು ಹಲವು ತುಂಡು ಮಾಡಿ, ಒಂದೊಂದಕ್ಕೂ ಅದರದೇ ಕಿರಿದಾದ ಕಟ್ಟಳೆ ವಿಧಿಸಿದರು. ವಿಡಿಯೋ ಬಿಡಿಸುವವನಿಗೆ ಆಮೇಲೆ ಜಾಲವೂ ಇಲ್ಲ, ಕ್ಯಾಮರಾವೂ ಇಲ್ಲ.

ಕಟ್ಟಳೆಯನ್ನು ಜಾರಿಮಾಡುವ ಕರ್ನೆಲ್ಲಿನಲ್ಲಿಯೇ ಬಿರುಕಿದ್ದರೆ ಮಾತ್ರ ಈ ಯಾವ ಬೇಲಿಯೂ ನಿಲ್ಲದು.